ನಮ್ಮ ಮನೆಯಿಂದ ಹೋದ ಹಲಗೆ

ಮಾರ್ಚ್ ೧೧, ಸೋಮವಾರ

ನಾನು ಈ ಮನೆಯ ಯಜಮಾನಿ. ಕೆಳಗಿನ ಲಾಂಡ್ರಿಯ ಒಡತಿಯೂ ನಾನೇ. ಹೈಸ್ಕೂಲನ್ನು ಮೊದಲ ದರ್ಜೆಯಲ್ಲಿ ಮುಗಿಸಿದವಳು. ಮೂವತ್ತೊಂದು ವರ್ಷದಿಂದ ಎರಡು ಆಸ್ಪತ್ರೆ, ನಾಲ್ಕು ಹೋಟೆಲುಗಳ ಚಾದರಗಳು ಇಲ್ಲಿ ಒಗೆದು ಇಸ್ತ್ರಿಯಾಗಿ ಹೋಗುತ್ತವೆ. ಕಲೆ ಇದೆ ಎಂದು ಒಂದೇ ಒಂದು ಚಾದರ ವಾಪಸು ಬಂದದ್ದಿಲ್ಲ. ಕೆಳಗೆ ಹದಿನಾಲ್ಕು ಹೆಂಗಸರು ದುಡಿಯುತ್ತಾರೆ. ಮೆಟ್ಟಿಲಲ್ಲಿ ನನ್ನ ಚಪ್ಪಲಿ ಸದ್ದಾದರೆ ಹದಿನಾಲ್ಕು ಬಾಯಿಗಳೂ ಮುಚ್ಚುತ್ತವೆ. ಜಂಬಕ್ಕೆ ಬರೆಯುತ್ತಿಲ್ಲ, ಇದ್ದದ್ದು ಇದ್ದ ಹಾಗೆ.

ಈ ಡೈರಿ ಸೋಪುಪುಡಿ ಕಂಪನಿಯವನು ಕೊಟ್ಟದ್ದು. ಕೆಲವು ಮಾತುಗಳನ್ನು ಕೆಳಗಿನವರ ಮುಂದೆ ಆಡುವಂತಿಲ್ಲ, ಮೇಲಿನವರ ಮುಂದೆ ಆಡಿ ಪ್ರಯೋಜನವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾತು ಕೋಣೆಯದು. ಮಹಡಿಯ ಹಿಂದಿನ ಕೋಣೆ ಇವರ ರೈಲುಗಳ ಪಾಲಾಗಿ ಹನ್ನೊಂದು ವರ್ಷವಾಯಿತು. ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಗಂಡಸು ಗೇಣುದ್ದದ ಇಂಜಿನ್ನು ಓಡಿಸುತ್ತ ಕೂತಿದ್ದಾರೆ. ಆಸ್ಪತ್ರೆಯ ಬಟ್ಟೆಗಂಟುಗಳು ಮಾತ್ರ ಕೋಣೆಯ ಹೊರಗಿನ ಓಣಿಯಲ್ಲಿ ಬಿದ್ದಿವೆ. ಕೋಣೆ ಕೈತಪ್ಪಿದ ದಿನವೇ ಮಗ ಸೊಸೆಯ ಎದುರಿಗೆ ಹೇಳಿದ್ದೆ: "ಇನ್ನು ಈ ಕೋಣೆಗೆ ನಾನು ಕಾಲಿಟ್ಟರೆ ಕೇಳಿ." ಇಟ್ಟಿಲ್ಲ. ನನ್ನ ಮಾತು ಅಂದರೆ ಮಾತು.

ಇವರು ನಗುತ್ತಾರೆ. "ನಿನ್ನ ಬಾಯ್ಲರೂ ಸಿಳ್ಳೆ ಹೊಡೆಯುತ್ತೆ, ನನ್ನ ಇಂಜಿನ್ನೂ ಹೊಡೆಯುತ್ತೆ. ಇಬ್ಬರದೂ ಒಂದೇ ಉದ್ಯೋಗ ಕಣೇ."

ಶುಕ್ರವಾರದಿಂದ ಹತ್ತು ದಿನ ರೈಲು ಪ್ರದರ್ಶನವಂತೆ. ಇವರ ಸಂಘದಲ್ಲಿ ಇಪ್ಪತ್ತನಾಲ್ಕು ಜನ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಒಂದೊಂದು ಹಲಗೆ ಕಟ್ಟುತ್ತಾರೆ, ಮೇಲೆ ಹಳಿ, ಊರು, ಗುಡ್ಡ. ಹಾಲ್‌ನಲ್ಲಿ ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಒಂದೇ ದೊಡ್ಡ ರೈಲುದಾರಿ. ಮಾಡ್ಯೂಲ್ ಅನ್ನುತ್ತಾರೆ. ನಾನು ಹಲಗೆ ಅನ್ನುತ್ತೇನೆ.

ಮಾರ್ಚ್ ೧೩, ಬುಧವಾರ

ಇಂದು ಒಂದು ಕೆಲಸ ಮಾಡಿದೆ. ತಪ್ಪೇನಲ್ಲ.

ನಾಳೆ ಬೆಳಿಗ್ಗೆ ಸಂಘದವರು ವ್ಯಾನ್ ತಂದು ಹಲಗೆ ಒಯ್ಯುತ್ತಾರೆ. ಇವರು ಮಧ್ಯಾಹ್ನ ಸಭೆಗೆ ಹೋಗಿದ್ದರು. ಕೋಣೆಯ ಬೀಗದ ಕೈ ತಮ್ಮ ಹತ್ತಿರ ಒಂದೇ ಇದೆ ಎಂದು ಅವರ ಎಣಿಕೆ. ಈ ಮನೆಯಲ್ಲಿ ನನ್ನ ಹತ್ತಿರ ಜೋಡಿ ಕೈ ಇಲ್ಲದ ಬೀಗವಿಲ್ಲ. ತೆಗೆದೆ. ಒಳಗೆ ಹೋದೆ. ಪರರ ಕಣ್ಣಿಗೆ ಬೀಳುವ ಸಾಮಾನು ಹೇಗಿದೆ ಎಂದು ನೋಡುವುದು ಯಜಮಾನಿಯ ಕೆಲಸ.

ಕೋಣೆ ಪರವಾಗಿಲ್ಲ, ಗುಡಿಸಿತ್ತು. ಆದರೆ ಹಳಿಗಳು! ಮೇಲೆಲ್ಲ ಕಪ್ಪು ಹಿಡಿದು ಮಂಕಾಗಿದ್ದವು. ನಮ್ಮ ಮನೆಯಿಂದ ಇಂಥದ್ದು ಹೊರಗೆ ಹೋಗುವುದೆ? ಇಸ್ತ್ರಿಪೆಟ್ಟಿಗೆಯ ತಳ ಉಜ್ಜುವ ಸಣ್ಣ ಕಬ್ಬಿಣದ ನಾರು ಕೆಳಗೆ ಡಬ್ಬಿ ತುಂಬ ಇದೆ. ಒಂದು ಉಂಡೆ ತಂದು ಈ ತುದಿಯಿಂದ ಆ ತುದಿಗೆ ಉಜ್ಜಿದೆ. ಮುಕ್ಕಾಲು ಗಂಟೆ ಹಿಡಿಯಿತು. ಬೆಳ್ಳಿಯ ಹಾಗೆ ಹೊಳೆಯಿತು. ಪುಡಿಯನ್ನು ಬಟ್ಟೆಯಿಂದ ಒರೆಸಿ ಬೀಗ ಹಾಕಿ ಬಂದೆ.

ಹನ್ನೊಂದು ವರ್ಷದ ಮಾತು ಮುರಿಯಿತಲ್ಲ ಎಂದರೆ, ಯಾರೂ ನೋಡಿಲ್ಲ.

ಮಾರ್ಚ್ ೧೪, ಗುರುವಾರ

ವ್ಯಾನ್ ಬಂತು. ಸಂಘದ ಕಾರ್ಯದರ್ಶಿ ಡ್ರಾಯಿಂಗ್ ಟೀಚರ್ ಅಂತೆ. ಗಟ್ಟಿ ಗಂಟಲಿನ ಹೆಂಗಸು, ಹಲಗೆ ಹೊರುವವರನ್ನು ಕ್ಲಾಸಿನ ಮಕ್ಕಳಂತೆ ಗದರಿಸುತ್ತಾಳೆ. ಮೆಟ್ಟಿಲಿಳಿಯುವಾಗ ಇವರು ಬಗ್ಗಿ ನೋಡಿ ಅಂದರು, "ಅರೆ, ಹಳಿ ಆಗಲೇ ಹೊಳೀತಿದೆ. ನಾನು ಯಾವಾಗ ಒರೆಸಿದೆ?"

"ನಿಮಗೆ ಊಟ ಮಾಡಿದ್ದೇ ನೆನಪಿರಲ್ಲ," ಅಂದೆ.

ಎಲ್ಲರೂ ನಕ್ಕರು. ಇವರೂ ನಕ್ಕರು.

ಮಾರ್ಚ್ ೧೫, ಶುಕ್ರವಾರ

ಮಗ ಕಾರು ತೆಗೆದ. ಸೊಸೆ "ಅತ್ತೆ, ಒಂದ್ಸಲ ಬನ್ನಿ, ಕಣ್ಣಿಗೇನು ಖರ್ಚು?" ಅಂದಳು. ಹೋದೆ.

ಹಾಲ್ ತುಂಬ ಜನ. ಸುತ್ತ ಹಗ್ಗ ಕಟ್ಟಿದ್ದಾರೆ. ಒಳಗೆ ಎದೆಯೆತ್ತರಕ್ಕೆ ಇಪ್ಪತ್ತನಾಲ್ಕು ಹಲಗೆಗಳು ಸುತ್ತುಹಾಕಿ ಕೂಡಿವೆ. ಹಗ್ಗದ ಗುಂಟ ನಾನು ಪೂರ್ತಿ ಒಂದು ಸುತ್ತು ಬಂದೆ. ಬೇಕರಿಯವನ ಹಲಗೆಯಲ್ಲಿ ಹಿಮದ ಬೆಟ್ಟ, ಹಿಟ್ಟು ಚೆಲ್ಲಿದ್ದಾನೋ ಅನ್ನಬೇಕು. ದರ್ಜಿಯವನು ಸೇತುವೆ ಕಟ್ಟಿದ್ದಾನೆ, ಕೆಳಗಿನ ಹೊಳೆ ಅಸ್ತರಿನ ಬಟ್ಟೆಯದು, ಹೊಲಿಗೆ ಕಾಣದಂತೆ ಮಡಚಿದ್ದಾನೆ. ಟೀಚರಮ್ಮನದು ಮಳೆ ನಿಂತ ಪೇಟೆಬೀದಿ, ಗೋಂದಿನಲ್ಲಿ ಮಾಡಿದ ನೀರಗುಂಡಿಗಳಲ್ಲಿ ಅಂಗಡಿಯ ದೀಪ ಕಾಣುತ್ತದೆ. ಒಂದು ಕಲ್ಲುಕ್ವಾರಿ. ಒಂದು ಬಂದರು, ಅದರ ಕ್ರೇನು ನಿಜವಾಗಿ ಎತ್ತುತ್ತದೆ. ಇವರದು ಚಿಕ್ಕ ಸ್ಟೇಷನ್ನು, ಗೂಡ್ಸ್ ಶೆಡ್ಡು, ಹಿಂದೆ ಒಂದು ಮನೆ, ಹಿತ್ತಲಲ್ಲಿ ಚಾದರ ಒಣಹಾಕಿದ್ದಾರೆ. ಎರಡು ಮೂಲೆ ಹಿಡಿದು ನೇತುಹಾಕಿದ್ದಾರೆ. ಹಾಗೆ ಹಾಕಿದರೆ ಅಂಚು ಜಗ್ಗುತ್ತದೆ. ಮೂವತ್ತೊಂದು ವರ್ಷ ನನ್ನ ಲಾಂಡ್ರಿ ನೋಡಿದ್ದೂ ಕಲಿತಿಲ್ಲ.

ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಹಲಗೆಯ ಮೇಲೆ ಯಾರು ಏನಾದರೂ ಕಟ್ಟಿಕೊಳ್ಳಲಿ, ಎರಡು ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪುವಂತಿಲ್ಲ: ನೆಲದಿಂದ ಹಳಿಯ ಎತ್ತರ, ಮುಂದಿನ ಅಂಚಿನಿಂದ ಹಳಿಯ ದೂರ. ತಪ್ಪಿದರೆ ಪಕ್ಕದವನ ರೈಲು ನಿಮ್ಮಲ್ಲಿ ಬಂದು ಬೀಳುತ್ತದೆ. ಕಟ್ಟುನಿಟ್ಟಿನ ಜನ. ಆಟಿಕೆಯವರು ಅಂದುಕೊಂಡಿದ್ದೆ.

ರೈಲುಗಳ ಕಂಟ್ರೋಲು ಇವರ ಕೈಯಲ್ಲಿತ್ತು. ಎಲ್ಲರೂ "ಅಣ್ಣಾ, ಬಿಡಲಾ? ಅಣ್ಣಾ, ನಿಲ್ಲಿಸಲಾ?" ಎಂದು ಇವರನ್ನೇ ಕೇಳುತ್ತಿದ್ದರು. ಮನೆಯಲ್ಲಿ ಇವರನ್ನು ಯಾರೂ ಏನೂ ಕೇಳುವುದಿಲ್ಲ.

ವಾಚ್ ರಿಪೇರಿಯವರೊಬ್ಬರು ಸಂಘದಲ್ಲಿ ಎಲ್ಲರಿಗಿಂತ ಹಿರಿಯರು. ಮೂರು ವರ್ಷ ಕೂತು ಕೈಯಲ್ಲೇ ಮಾಡಿದ ಹಿತ್ತಾಳೆಯ ಇಂಜಿನ್ನನ್ನು ಇಂದು ಮೊದಲ ಬಾರಿ ಹಳಿಗೆ ಇಟ್ಟರು. ಜನ ಚಪ್ಪಾಳೆ ತಟ್ಟಿದರು. ಎಂಟು ಸುತ್ತು ಬಂತು. ಒಂಬತ್ತನೆಯದರಲ್ಲಿ ಕ್ವಾರಿಯ ಹತ್ತಿರ ಬಿಕ್ಕಿ ಬಿಕ್ಕಿ ನಿಂತಿತು, ಸಣ್ಣಗೆ ಹೊಗೆ. "ಬಿಸಿಯಾಗಿರಬೇಕು," ಅಂದರು. ಮುಖ ಮಾತ್ರ ಸೋತಿತ್ತು. ಸಂಜೆಯೊಳಗೆ ಇನ್ನೆರಡು ಇಂಜಿನ್ನು ಹಾಗೇ ನಿಂತವು.

ಹಳಿ ಹೊಳೆಯುತ್ತಿದ್ದದ್ದು ಇಪ್ಪತ್ತನಾಲ್ಕರಲ್ಲಿ ನಮ್ಮದೇ ಹೆಚ್ಚು.

ಮಾರ್ಚ್ ೧೬, ಶನಿವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಇಂದೂ ಹೋದೆ, ಯಾಕೆ ಎಂದು ಯಾರೂ ಕೇಳಲಿಲ್ಲ. ವಾಚ್ ರಿಪೇರಿಯವರು ಇಂಜಿನ್ನನ್ನು ಬಿಚ್ಚಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತಿದ್ದರು. ಚಿಮಟದಲ್ಲಿ ಏನನ್ನೋ ಎಳೆದು ಬಿಳಿ ಕಾಗದದ ಮೇಲಿಟ್ಟರು. ಕೂದಲಿನಂಥ ಕಬ್ಬಿಣದ ಎಳೆ. ಇನ್ನೊಂದು. ಮತ್ತೊಂದು.

"ಯಾರೋ ಕಬ್ಬಿಣದ ನಾರಲ್ಲಿ ಹಳಿ ಉಜ್ಜಿದಾರೆ," ಅಂದರು. "ಮೋಟರಿನ ಒಳಗೆ ಅಯಸ್ಕಾಂತ ಇರುತ್ತೆ. ಹಳಿ ಮೇಲೆ ಬಿದ್ದ ಎಳೆಯನ್ನೆಲ್ಲ ಎಳ್ಕೊಂಡು ಸುಟ್ಟುಹೋಗಿದೆ."

ಟೀಚರಮ್ಮ ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಒಂದೊಂದೇ ಹಲಗೆಯ ಹಳಿಯ ಮೇಲೆ ಆಡಿಸುತ್ತ ಬಂದಳು. ಹಿಮದ ಬೆಟ್ಟ, ಕಾಗದ ಶುಭ್ರ. ಸೇತುವೆ, ಶುಭ್ರ. ನನ್ನ ಕೈ ಬ್ಯಾಗಿನ ಹಿಡಿಯನ್ನು ಹಿಂಡುತ್ತಿತ್ತು. ನಮ್ಮ ಹಲಗೆಯ ಮೇಲೆ ಆಡಿಸಿ ಎತ್ತಿದಾಗ ಕಾಗದಕ್ಕೆ ಮೀಸೆ ಬಂದಿತ್ತು.

"ಅಣ್ಣಾ," ಅಂದಳು, ಗಂಟಲು ಇಳಿಸಿ. "ಸಂಘಕ್ಕೆ ಸೇರಿದ ಮೊದಲ ದಿನ ನೀವೇ ನಮಗೆ ಹೇಳಿಕೊಟ್ಟಿದ್ದಲ್ವಾ? ರಬ್ಬರಲ್ಲಿ ಒರೆಸಿ, ಪ್ರಾಣ ಹೋದ್ರೂ ಕಬ್ಬಿಣದ ನಾರು ಮುಟ್ಟಿಸ್ಬೇಡಿ ಅಂತ?"

ದರ್ಜಿಯವನು ಕೇಳಿದ, "ಕೋಣೆಗೆ ಬೇರೆ ಯಾರಾದ್ರೂ ಹೋಗ್ತಾರಾ? ಲಾಂಡ್ರಿಯವರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸೆರಗು ಸರಿಮಾಡಿಕೊಂಡೆ.

ಮಗ ನಕ್ಕುಬಿಟ್ಟ. "ಅಮ್ಮ ಹನ್ನೊಂದು ವರ್ಷದಿಂದ ಆ ಕಡೆ ತಲೆ ಹಾಕಿಲ್ಲ ಸಾರ್. ಅಮ್ಮನ ಶಪಥ ಇಡೀ ಬೀದಿಗೇ ಗೊತ್ತು."

ಇವರು ಹಳಿಯನ್ನೇ ನೋಡುತ್ತಿದ್ದರು. ಆಮೇಲೆ ಅಂದರು, "ಬೀಗದ ಕೈ ನನ್ನ ಹತ್ರ ಬಿಟ್ರೆ ಇನ್ನೆಲ್ಲೂ ಇಲ್ಲ. ನಾನೇ ಉಜ್ಜಿರಬೇಕು."

ಟೀಚರಮ್ಮ ಇವರ ಕೈಯಿಂದ ಕಂಟ್ರೋಲನ್ನು ಮೆಲ್ಲಗೆ ಬಿಡಿಸಿಕೊಂಡಳು. "ಸ್ವಲ್ಪ ಕೂತ್ಕೊಳ್ಳಿ ಅಣ್ಣಾ." ನಮ್ಮ ಹಲಗೆಯನ್ನು ಕಳಚಿ ಗೋಡೆಗೆ ಒರಗಿಸಿದರು. ಆ ಜಾಗಕ್ಕೆ ಬರೀ ಹಳಿ ಇರುವ ಬೋಳು ಹಲಗೆ ಬಂತು. ರೈಲು ಮತ್ತೆ ಓಡಿತು.

ಇವರಿಗೆ ಗೊತ್ತಾಗಿದೆ, ಅನುಮಾನವಿಲ್ಲ. ಗೊತ್ತಿದ್ದೂ ನಾಲ್ಕು ಜನರ ಎದುರಿಗೆ ನನ್ನ ಹೆಸರು ಎತ್ತಲಿಲ್ಲ. ಮನೆಯ ಮರ್ಯಾದೆ ಉಳಿಸಿದರು. ಇಂಜಿನ್ನು ರಿಪೇರಿಯಾಗುತ್ತದೆ. ಇಲ್ಲಿಗೆ ಮುಗಿಯಿತು.

ಮಾರ್ಚ್ ೧೮, ಸೋಮವಾರ

ಮುಗಿದಿಲ್ಲ.

ಚಹಾ ಕುಡಿಯುವಾಗ ಇವರು ಕೇಳಿದರು. "ಕೇಳಿದ್ಯಾ, ಮಂಗಳವಾರ, ಬುಧವಾರ ನಾನು ಏನೇನು ಮಾಡ್ತಿದ್ದೆ, ನಿನಗೆ ನೆನಪಿದ್ಯಾ?"

"ನನಗೇನು ಗೊತ್ತು? ನಿಮ್ಮ ಹಿಂದೆ ಹಿಂದೆ ಬರ್ತೀನಾ?"

"ಎಷ್ಟು ಯೋಚಿಸಿದ್ರೂ ಆ ನಾರು ಕೈಯಲ್ಲಿ ಹಿಡಿದಿದ್ದು ನೆನಪಾಗ್ತಿಲ್ಲ. ಲಾಂಡ್ರಿಯಿಂದ ತಂದಿರಬೇಕು. ಯಾವಾಗ ತಂದೆ? ಅದೇ ಭಯ."

ಮುಖ ನೋಡಿದೆ. ಇದು ನನ್ನ ತಪ್ಪನ್ನು ಮುಚ್ಚಿಡುವವರ ಮುಖ ಅಲ್ಲ. ಇವರು ನಿಜವಾಗಿ ತಾವೇ ಮಾಡಿದ್ದು ಎಂದು ನಂಬಿದ್ದಾರೆ.

ಮಧ್ಯಾಹ್ನ ಸ್ಕೂಟರಿನ ಕೀಯನ್ನು ತಾವಾಗಿಯೇ ಮಗನಿಗೆ ಕೊಟ್ಟರು. ಗ್ಯಾಸ್ ಒಲೆಯ ಮೇಲ್ಗಡೆ ಚೀಟಿ ಅಂಟಿಸಿದ್ದಾರೆ: ಆರಿಸಿದೆಯಾ? ಬಚ್ಚಲ ಬಾಗಿಲಿಗೆ: ನಲ್ಲಿ.

ಹೇಳಬಹುದಿತ್ತು. ಕೆಳಗೆ ಬಾಯ್ಲರಿನವನು ಕಾಯುತ್ತಿದ್ದ.

ಮಾರ್ಚ್ ೨೦, ಬುಧವಾರ

ಮಗ ಅಪ್ಪನಿಗೆ ಮರೆವಿನ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದ. ನಾನೂ ಹೋದೆ. ಬಿಳಿ ಗೋಡೆ, ಒಂದು ಮೇಜು, ಮೂರು ಕುರ್ಚಿ. ಮೇಜಿನ ಬಟ್ಟೆ ಸರಿಯಾಗಿ ಒಗೆದಿರಲಿಲ್ಲ.

ಡಾಕ್ಟರು ಮೂರು ಪದ ಹೇಳಿ, ಆಮೇಲೆ ಕೇಳ್ತೀನಿ ಅಂದರು. ಗಡಿಯಾರ ಬರೆಸಿದರು, ಇವರು ಮುಳ್ಳು ಸಮೇತ ಚೆನ್ನಾಗಿ ಬರೆದರು. ಪದ ಕೇಳಿದಾಗ ಎರಡು ಹೇಳಿದರು, ಮೂರನೆಯದಕ್ಕೆ ತಡಕಾಡಿದರು. ಹಣೆಯಲ್ಲಿ ಬೆವರು. ಮೂರನೆಯದು ನನಗೂ ನೆನಪಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ.

"ಇತ್ತೀಚೆಗೆ ಏನಾದ್ರೂ ಮಾಡಿ, ಮಾಡಿದ್ದೇ ಮರೆತದ್ದು ಇದ್ಯಾ?"

ಇವರು ನಾರಿನ ಸಂಗತಿ ಹೇಳಿದರು, ಏನೂ ಬಿಡದೆ. ಮೂರು ವರ್ಷದ ಇಂಜಿನ್ನು ಹೇಗೆ ಸುಟ್ಟಿತು, ತಾನು ಕಲಿಸಿದ ಪಾಠವನ್ನು ತಾನೇ ಹೇಗೆ ಮರೆತೆ. ಡಾಕ್ಟರು ಬರೆದುಕೊಳ್ಳುತ್ತಿದ್ದರು. ನನ್ನ ಮೊಣಕೈ ಇವರ ಮೊಣಕೈಗೆ ತಾಗುತ್ತಿತ್ತು. ಬಾಯಿ ತೆರೆದೆ. "ಫ್ಯಾನ್ ಸ್ವಲ್ಪ ಜೋರಾಗಿ ಹಾಕಿಸಿ," ಅಂದೆ.

ಮಾತ್ರೆ ಶುರುಮಾಡೋಣ, ಆರು ತಿಂಗಳಿಗೆ ನೋಡೋಣ ಎಂದು ಚೀಟಿ ಕೊಟ್ಟರು.

ಮಾರ್ಚ್ ೨೧, ಗುರುವಾರ

ಎರಡು ಸಲ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಸದ್ದಿಲ್ಲ. ಇಂಜಿನ್ನು ಓಡುವ ಸದ್ದು ಗಂಟುಗಳ ಹಿಂದಿನಿಂದ ಕೇಳುತ್ತಿತ್ತು, ಹನ್ನೊಂದು ವರ್ಷ. ಗಮನಿಸಿರಲಿಲ್ಲ.

ಕೆಳಗೆ ಹೊಸ ಹುಡುಗಿಯೊಬ್ಬಳು ಚಾದರ ಸುಟ್ಟು, ಸುಟ್ಟ ಗುರುತು ಒಳಗಾಗುವಂತೆ ಮಡಚಿ ಮುಚ್ಚಿಟ್ಟಿದ್ದಳು. ಸುಟ್ಟದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ಎಲ್ಲರೆದುರು ಬೈದೆ. ಬೈಯುತ್ತ ಬೈಯುತ್ತ ಮಾತು ನಿಂತುಹೋಯಿತು. ಹದಿನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು.

ಮಾರ್ಚ್ ೨೨, ಶುಕ್ರವಾರ

ಬೆಳಿಗ್ಗೆ ಇವರು ಅಡುಗೆಮನೆಗೆ ಬಂದು ಕೋಣೆಯ ಬೀಗದ ಕೈಯನ್ನು ನನ್ನ ಮುಂದಿಟ್ಟರು.

"ನಿನಗೆ ಬೇಕಿತ್ತಲ್ಲ, ತಗೋ. ಗಂಟುಗಳನ್ನ ಒಳಗೆ ಹಾಕಿಸು."

"ನಿಮ್ಮ ರೈಲು?"

"ಸಂಘದವರಿಗೆ ಕೊಟ್ಬಿಡ್ತೀನಿ. ಭಾನುವಾರ ಪ್ರದರ್ಶನ ಮುಗಿದ ಮೇಲೆ ಬಂದು ಒಯ್ತಾರೆ. ಇನ್ನೊಬ್ಬರ ಇಂಜಿನ್ ಸುಡೋ ಕೈ ಇದು. ನಾಳೆ ಮನೆ ಸುಟ್ರೆ?"

ಮಗ "ಅಪ್ಪ ಹೇಳೋದು ಸರಿ ಅಮ್ಮಾ," ಅಂದ. ಸೊಸೆ ಆಗಲೇ ಕಪಾಟಿನ ಅಳತೆ ತೆಗೆಯಲು ಟೇಪು ಹುಡುಕುತ್ತಿದ್ದಳು. "ಅತ್ತೆ, ಕೊನೆಗೂ ಆ ಕೋಣೆ ನಿಮ್ಮದಾಯ್ತು."

"ಟೇಪು ಕೆಳಗಿಡು," ಅಂದೆ. ಗಟ್ಟಿಯಾಗಿಯೇ ಅಂದಿರಬೇಕು, ಚಮಚ ಕೆಳಗೆ ಬಿತ್ತು.

ಹನ್ನೊಂದು ವರ್ಷ ಕೇಳಿದ್ದು ಕೈಗೆ ಬಂದಿದೆ. ಮೇಜಿನ ಮೇಲೆ ಬಿದ್ದಿದೆ. ಮುಟ್ಟಲು ಆಗುತ್ತಿಲ್ಲ.

ಮಾರ್ಚ್ ೨೩, ಶನಿವಾರ

ಇವರು ಬರಲು ಒಪ್ಪಲಿಲ್ಲ. "ಯಾವ ಮುಖ ಇಟ್ಕೊಂಡು ಬರ್ಲಿ?" ಅಂದರು. "ನನ್ನ ಮುಖ ಇದೆಯಲ್ಲ, ಅದರ ಹಿಂದೆ ಬನ್ನಿ," ಅಂದೆ. ಹೊರಡಿಸಿದೆ. ಬಸ್ಸಿನಲ್ಲಿ ಹೋದೆವು, ಮಗನಿಗೆ ಹೇಳಲಿಲ್ಲ.

ಹಾಲ್ ಕಿಕ್ಕಿರಿದಿತ್ತು. ಹಗ್ಗ ಎತ್ತಿ ಒಳಗೆ ಹೋದೆ. ಟೀಚರಮ್ಮ "ಅಮ್ಮಾ, ಒಳಗೆ ಬರೋ ಹಾಗಿಲ್ಲ," ಅಂದಳು. "ರೈಲು ನಿಲ್ಲಿಸಮ್ಮ," ಅಂದೆ. ನಿಲ್ಲಿಸಿದಳು.

"ಹಳಿ ಉಜ್ಜಿದ್ದು ನಾನು. ಬುಧವಾರ ಮಧ್ಯಾಹ್ನ, ನೀವೆಲ್ಲ ಸಭೆಯಲ್ಲಿ ಇದ್ದಾಗ. ಇವರಲ್ಲ."

ಬೇಕರಿಯವನು, ದರ್ಜಿ, ವಾಚ್ ರಿಪೇರಿಯವರು ಎಲ್ಲ ಸುತ್ತ ನಿಂತರು. ಯಾರೂ ಬೈಯಲಿಲ್ಲ. ಟೀಚರಮ್ಮನ ಕಣ್ಣಲ್ಲಿ ನೀರು. "ಅಮ್ಮಾ, ನೀವು ದೊಡ್ಡವರು. ಅಣ್ಣನ್ನ ಉಳಿಸೋಕೆ ಈ ಮಾತು ಬೇಡ. ನಮಗೆ ಅಣ್ಣನ ಮೇಲೆ ಕೋಪ ಇಲ್ಲ."

ನಂಬಲಿಲ್ಲ! ಜೀವನದಲ್ಲಿ ಮೊದಲ ಸಲ ತಪ್ಪು ಒಪ್ಪಿಕೊಂಡರೆ ಅದಕ್ಕೆ ತ್ಯಾಗ ಅಂತ ಹೆಸರಿಟ್ಟರು. ಇವರೂ ನನ್ನ ತೋಳು ಹಿಡಿದು "ಬಾರೇ, ಸಾಕು. ನೀನು ಆ ಕೋಣೆಗೆ ಕಾಲಿಡೋಳಲ್ಲ ಅಂತ ನನಗೆ ಗೊತ್ತಿಲ್ವಾ?" ಅಂದರು.

"ಇನ್ನೊಂದು ಬೀಗದ ಕೈ ನನ್ನ ಹತ್ರ ಇದೆ," ಎಂದು ತೋರಿಸಿದೆ. ಅದನ್ನೂ ನಾಟಕ ಅಂದುಕೊಂಡರೇನೋ. ಆಗ ರೇಗಿತು. ಬ್ಯಾಗಿನಲ್ಲಿ ತಂದಿದ್ದ ನಾರಿನ ಉಂಡೆಯನ್ನು ಮೇಜಿನ ತಗಡಿನ ಮೇಲೆ ಒತ್ತಿ, "ಹೀಗೆ ಉಜ್ಜಿದೆ," ಎಂದು ಕೈ ಆಡಿಸಿದೆ. ಮೂವತ್ತೊಂದು ವರ್ಷ ಇಸ್ತ್ರಿಪೆಟ್ಟಿಗೆ ಉಜ್ಜಿದ ಕೈ, ತಾನಾಗಿಯೇ ಸುತ್ತಿತು.

ವಾಚ್ ರಿಪೇರಿಯವರು ನನ್ನ ಕೈಯನ್ನೇ ನೋಡುತ್ತಿದ್ದರು. "ನಿಲ್ಲಿ," ಅಂದರು. ಗೋಡೆಗೆ ಒರಗಿಸಿದ್ದ ನಮ್ಮ ಹಲಗೆಯ ಹತ್ತಿರ ಹೋಗಿ ಮಂಡಿಯೂರಿ ಭೂತಗನ್ನಡಿ ಇಟ್ಟರು. ಬಹಳ ಹೊತ್ತು ಎದ್ದೇಳಲಿಲ್ಲ.

"ಗೀರು ಗುಂಡಗಿವೆ," ಅಂದರು. "ಹಳಿಗೆ ಅಡ್ಡಡ್ಡ, ಸುತ್ತಿ ಸುತ್ತಿ. ರೈಲಿನವನು ನಿದ್ದೆಯಲ್ಲಿ ಉಜ್ಜಿದ್ರೂ ಹಳಿ ಗುಂಟ ಉದ್ದಕ್ಕೇ ಉಜ್ತಾನೆ. ಗುಂಡಗೆ ಉಜ್ಜೋನು ನಮ್ಮಲ್ಲಿ ಇಲ್ಲ."

ಇವರು ಅವರ ಕೈಯಿಂದ ಗಾಜು ಕಿತ್ತುಕೊಂಡು ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ನಾನಲ್ಲ," ಅಂದರು. ಆಮೇಲೆ ಟೀಚರಮ್ಮನಿಗೆ, "ನಾನಲ್ಲಮ್ಮಾ." ಆಮೇಲೆ ಯಾರಿಗೋ, "ನಾನಲ್ಲ."

ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. "ಏಳು ದಿನ ಕಣೇ," ಅಂದರು. "ಡಾಕ್ಟರ ಮುಂದೆ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ."

ಹಗ್ಗದ ಆಚೆ ಆಸ್ಪತ್ರೆಯ ಮೇಟ್ರನ್, ನಮ್ಮ ಹಳೇ ಗಿರಾಕಿ, ಮೊಮ್ಮಗಳ ಕೈ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಕೇಳಿಸಿಕೊಳ್ಳಲಿ.

ವಾಚ್ ರಿಪೇರಿಯವರಿಗೆ "ನಿಮ್ಮ ಇಂಜಿನ್ನಿಗೆ ನಾನು ಏನು ಮಾಡಲಿ?" ಎಂದು ಕೇಳಿದೆ. "ಕೂತ್ಕೊಳ್ಳಿ, ಎಳೆ ತೆಗೀರಿ," ಎಂದು ಚಿಮಟ ಕೊಟ್ಟರು. ಸಂಜೆಯವರೆಗೆ ಕೂತು ತೆಗೆದೆ. "ಬೆನ್ನು ನೆಟ್ಟಗೆ ಇಟ್ಕೊಳ್ಳಿ ಅಮ್ಮಾ, ಬೆಳಕಿಗೆ ಅಡ್ಡ ಬರ್ತೀರ," ಎಂದು ಟೀಚರಮ್ಮ ಎರಡು ಸಲ ಗದರಿಸಿದಳು. ನಾನು ನೆಟ್ಟಗೆ ಕೂತೆ.

ಇವರು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ.

ಮಾರ್ಚ್ ೨೫, ಸೋಮವಾರ

ಹಳಿಯ ಸಂದುಗೊಂದಿನಲ್ಲಿದ್ದ ಎಳೆಗಳನ್ನೆಲ್ಲ ಸಂಘದವರು ಅಯಸ್ಕಾಂತದಿಂದ ಎತ್ತಿದರು. ನಿನ್ನೆ ನಮ್ಮ ಹಲಗೆಯನ್ನು ಮತ್ತೆ ಸುತ್ತಿಗೆ ಸೇರಿಸಿದರು. ಕಂಟ್ರೋಲು ಇವರ ಕೈಗೆ ಬಂತು. ಮಗ ಹೇಳಿದ. ನನ್ನೊಂದಿಗೆ ಇವರು ಇನ್ನೂ ಮಾತಾಡಿಲ್ಲ. ಸ್ಕೂಟರಿನ ಕೀ ಕೇಳಿ ತೆಗೆದುಕೊಂಡಿದ್ದಾರೆ, ಮೇಜಿನ ಮೇಲಿದ್ದ ಕೋಣೆಯ ಬೀಗದ ಕೈಯನ್ನೂ. ಬಚ್ಚಲ ಬಾಗಿಲಿನ ಚೀಟಿ ಹೋಗಿದೆ. ಒಲೆಯ ಮೇಲಿನದು ಇನ್ನೂ ಇದೆ. ಅದನ್ನು ನಾನು ಕೀಳುವಂತಿಲ್ಲ, ಅವರೇ ಕೀಳಬೇಕು.

ಡಾಕ್ಟರಿಗೆ ಫೋನಿನಲ್ಲಿ ಹೇಳಿದರೆ ಸಾಕು ಅಂದ ಮಗ. ಸಾಲದು. ಅವರ ಫೈಲಿನಲ್ಲಿ ಬರವಣಿಗೆಯಲ್ಲಿ ಇರುವುದನ್ನು ಬರವಣಿಗೆಯಲ್ಲೇ ತೆಗೆಯಬೇಕು. ಬೆಳಿಗ್ಗೆ ಲಾಂಡ್ರಿಯ ಕಾಗದದ ಮೇಲೆ ಬರೆದೆ: "ನನ್ನ ಗಂಡ ಮಾಡಿ ಮರೆತದ್ದು ಎಂದು ತಾವು ಬರೆದುಕೊಂಡ ಕೆಲಸವನ್ನು ಅವರು ಮಾಡಿಲ್ಲ. ನಾನು ಮಾಡಿದ್ದು, ಮಾಡಿ ಮುಚ್ಚಿಟ್ಟದ್ದು. ಅವರು ಹೇಳುವಾಗ ನಾನು ಪಕ್ಕದಲ್ಲಿದ್ದು ಸುಮ್ಮನಿದ್ದೆ. ದಯವಿಟ್ಟು ಅವರನ್ನು ಮತ್ತೊಮ್ಮೆ ಪರೀಕ್ಷಿಸಿ." ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ.

ಅಂಚೆಗೆ ಹಾಕಲಿಲ್ಲ. ನಾನೇ ಹೋಗಿ, ಸರದಿಯಲ್ಲಿ ಒಂದು ಗಂಟೆ ಕಾದು, ಕೈಗೆ ಕೊಟ್ಟೆ. ಡಾಕ್ಟರು ಓದಿ ಮುಗಿಸುವವರೆಗೆ ಎದುರಿಗೆ ನಿಂತಿದ್ದೆ. ಕುರ್ಚಿ ತೋರಿಸಿದರು, ಕೂರಲಿಲ್ಲ. ಫೈಲು ತರಿಸಿದರು. ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇಂದಿನ ತಾರೀಖು ಹಾಕಿದರು. ಎಳೆದದ್ದನ್ನು ನೋಡಿ ಬಂದೆ.